ತಲೆ ಯಾರದು, ವೇಗ ಯಾರದು

ಬೆಳಗಿನ ಆರರ ಹೊತ್ತಿಗೆ ಬೆಂಗಳೂರಿನ ನಂದಿನಿ ಲೇಔಟಿನ ಅಂಚಿನ ರಿಂಗ್ ರಸ್ತೆಯಲ್ಲಿ ಎರಡು ಬಗೆಯ ಸೈಕಲ್ ಸವಾರರು ಕಾಣಸಿಗುತ್ತಾರೆ. ಒಂದು ಗುಂಪಿನವರು ಗೊರಗುಂಟೆಪಾಳ್ಯದಲ್ಲಿ ತಿರುಗಿ, ತುಮಕೂರು ರಸ್ತೆ ಹಿಡಿದು, ನೆಲಮಂಗಲ ದಾಟಿ ಶಿವಗಂಗೆಯ ಕಡೆ ಹೊರಟವರು. ಮೈಗಂಟಿದ ಜೆರ್ಸಿ, ಕೈಗೆ ಗ್ಲೌಸು, ಸೀಟಿನ ಕೆಳಗೆ ಮಿಣುಕುವ ಕೆಂಪು ದೀಪ, ತಲೆಗೆ ಹೆಲ್ಮೆಟ್ಟು. ಇನ್ನೊಂದು ಗುಂಪಿನವರು ಕುರುಬರಹಳ್ಳಿ, ನಂದಿನಿ ಲೇಔಟಿನ ಒಳಬೀದಿಗಳಿಂದ ಬಂದು, ರಿಂಗ್ ರಸ್ತೆ ದಾಟಿ, ಲಗ್ಗೆರೆಯ ಮೇಲೆ ಪೀಣ್ಯದ ಕಾರ್ಖಾನೆಗಳ ಮೊದಲ ಪಾಳಿಗೆ ಹೊರಟವರು. ಹ್ಯಾಂಡಲ್ಲಿಗೆ ಊಟದ ಬ್ಯಾಗು, ಪ್ಯಾಂಟಿನ ಬಲಗಾಲಿಗೆ ಚೈನು ತಾಗದಂತೆ ಒಂದು ರಬ್ಬರ್ ಬ್ಯಾಂಡು. ತಲೆಗೆ ಚಳಿಗಾಲದಲ್ಲಿ ಮಂಕಿ ಕ್ಯಾಪು, ಮಿಕ್ಕ ದಿನ ಏನೂ ಇಲ್ಲ.

ರಸ್ತೆ ಒಂದೇ, ಗುಂಡಿಗಳು ಅವೇ, ಪಕ್ಕದಲ್ಲಿ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ ಹೊತ್ತು ಸಾಗುವ ಲಾರಿಗಳೂ ಅವೇ. ಆದರೂ ಒಬ್ಬರಿಗೆ ಹೆಲ್ಮೆಟ್ ಇಲ್ಲದೆ ಮನೆ ಬಿಡುವುದು ಊಹಿಸಲಾಗದ ಮಾತು. ಇನ್ನೊಬ್ಬರಿಗೆ ಸೈಕಲ್ಲಿಗೆ ಹೆಲ್ಮೆಟ್ ಎಂಬುದೇ ವಿಚಿತ್ರ. ಯಾಕೆ ಎಂದು ಕೇಳಿದರೆ ಓದಿದವರ ಬಾಯಿಂದ ತಟ್ಟನೆ ಬರುವ ಉತ್ತರ, ‘ಅವರಿಗೆ ತಿಳಿವಳಿಕೆ ಇಲ್ಲ’ ಎಂಬುದು. ಇದನ್ನು ನಾನು ಒಪ್ಪುವುದಿಲ್ಲ. ಪವರ್ ಪ್ರೆಸ್ಸಿನ ಕೆಳಗೆ ಕೈ ಹಾಕಬಾರದು, ಲೇತಿನ ಮುಂದೆ ಸಡಿಲ ತೋಳಿನ ಅಂಗಿ ತೊಡಬಾರದು, ಗ್ರೈಂಡಿಂಗ್ ವೀಲ್ ತಿರುಗುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು ಎಂಬುದನ್ನು ಪೀಣ್ಯದ ಕಾರ್ಮಿಕ ದಿನಾ ಪಾಲಿಸುತ್ತಾನೆ. ಸೇಫ್ಟಿ ಶೂ, ಹಳದಿ ಹೆಲ್ಮೆಟ್ಟು ಅವನಿಗೆ ಹೊಸದಲ್ಲ. ಅಪಾಯ ಎಂದರೇನೆಂದು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಮಗಿಂತ ಅವನಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಕಾರ್ಖಾನೆಯ ಗೇಟಿನಾಚೆ ಅವನ ಲೆಕ್ಕ ಬದಲಾಗುವುದು ಹೇಗೆ?

ಪಾಳಿ ಮುಗಿಸಿ ಚಹಾದಂಗಡಿಯಲ್ಲಿ ನಿಂತವರನ್ನು ಕೇಳಿ ನೋಡಿ. ‘ಸೈಕಲ್‌ಗೆಲ್ಲ ಎಲ್ಲಿ ಸಾರ್ ಹೆಲ್ಮೆಟ್ಟು, ಪೊಲೀಸ್ನೋರು ಹಿಡಿಯಲ್ವಲ್ಲ’ ಎನ್ನುತ್ತಾರೆ. ‘ನಾನು ನಿಧಾನಕ್ಕೆ ಹೋಗೋನು’ ಎನ್ನುತ್ತಾರೆ. ‘ಇಷ್ಟು ವರ್ಷ ಓಡಿಸಿದ್ದೀನಿ, ಏನಾಯ್ತು?’ ಎನ್ನುತ್ತಾರೆ. ವಯಸ್ಸಾದವರೊಬ್ಬರು ಲೋಟ ಕೆಳಗಿಟ್ಟು, ‘ಹಿಂದ್ಗಡೆ ಬರೋ ಟಿಪ್ಪರ್‌ನೋನಿಗೆ ಹೇಳಿ ಸಾರ್ ಮೊದ್ಲು. ಅವನು ಹತ್ತಿಸಿದ್ರೆ ಹೆಲ್ಮೆಟ್ ಏನ್ ಮಾಡುತ್ತೆ?’ ಎಂದುಬಿಡುತ್ತಾರೆ. ಹೆಲ್ಮೆಟ್ಟಿನ ಬಗ್ಗೆ ಮೂವತ್ತು ನಲವತ್ತು ವರ್ಷಗಳಿಂದ ವಿಜ್ಞಾನಿಗಳು ನಡೆಸಿರುವ ವಾಗ್ವಾದದ ಮುಖ್ಯ ಎಳೆಗಳೆಲ್ಲ ಈ ನಾಲ್ಕು ಮಾತಿನಲ್ಲಿವೆ.

ಪೊಲೀಸರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರು ದ್ವಿಚಕ್ರ ವಾಹನಗಳಿಗೆ. ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಹಿಂಬದಿ ಸವಾರರೂ ಅದರೊಳಕ್ಕೆ ಬಂದರು. ಸೈಕಲ್ಲಿಗೆ ಮೋಟಾರಿಲ್ಲ, ಹಾಗಾಗಿ ಕಾನೂನೂ ಇಲ್ಲ. ಊಟ ತಲುಪಿಸುವ ಹುಡುಗರು ಬಾಡಿಗೆಗೆ ಹಿಡಿಯುವ ಪುಟ್ಟ ಎಲೆಕ್ಟ್ರಿಕ್ ಗಾಡಿಗಳಿಗೂ ಇಲ್ಲ. 250 ವಾಟ್ ಮೀರದ, ಗಂಟೆಗೆ 25 ಕಿಲೋಮೀಟರಿಗಿಂತ ವೇಗವಾಗಿ ಓಡದ ಗಾಡಿ ಕಾಯ್ದೆಯ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಇದರಿಂದ ಆಗಿರುವ ದೊಡ್ಡ ನಷ್ಟವೆಂದರೆ, ಬೆಂಗಳೂರಿಗರ ಮನಸ್ಸಿನಲ್ಲಿ ಹೆಲ್ಮೆಟ್ಟಿನ ನಂಟು ತಲೆಯ ಜೊತೆಗಿಂತ ದಂಡದ ಜೊತೆ ಬೆಳೆದುಬಿಟ್ಟಿದೆ. ಸಿಗ್ನಲ್ ಹತ್ತಿರ ಬರುವವರೆಗೆ ಮೊಣಕೈಗೆ ನೇತುಹಾಕಿಕೊಂಡ ಹೆಲ್ಮೆಟ್ಟು, ಪಟ್ಟಿ ಕಟ್ಟದೆ ಸುಮ್ಮನೆ ಇಟ್ಟುಕೊಂಡ ಹೆಲ್ಮೆಟ್ಟು, ನೂರಿನ್ನೂರು ರೂಪಾಯಿಯ ಪ್ಲಾಸ್ಟಿಕ್ ಚಿಪ್ಪಿನಂಥ ಹಾಫ್ ಹೆಲ್ಮೆಟ್ಟು ಇವೆಲ್ಲ ಪೊಲೀಸರಿಗಾಗಿ ಧರಿಸುವಂಥವು. ದಂಡದ ಭಯದಿಂದ ಕಲಿತದ್ದು ದಂಡವಿಲ್ಲದ ಕಡೆ ಉಪಯೋಗಕ್ಕೆ ಬರುವುದಿಲ್ಲ. ಬುಲೆಟ್ಟಿನ ಮೇಲೆ ಹೆಲ್ಮೆಟ್ ತೊಡುವ ಅಪ್ಪ, ಅದೇ ಸಂಜೆ ಮಗಳನ್ನು ಸೈಕಲ್ಲಿನಲ್ಲಿ ಬರಿದಲೆಯಲ್ಲಿ ಟ್ಯೂಷನ್ನಿಗೆ ಕಳಿಸುತ್ತಾನೆ. ಅವನಿಗೆ ಮಗಳ ಮೇಲೆ ಅಕ್ಕರೆ ಇಲ್ಲವೆಂದಲ್ಲ; ಹೆಲ್ಮೆಟ್ ಎಂದರೆ ಗಾಡಿಯ ಕಾಗದಪತ್ರಗಳ ಜೊತೆಗಿನ ಇನ್ನೊಂದು ವಸ್ತು ಎಂದು ಊರು ಅವನಿಗೆ ಕಲಿಸಿದೆ.

‘ನಿಧಾನಕ್ಕೆ ಹೋಗೋನು’ ಎಂಬುದನ್ನು ಭೌತಶಾಸ್ತ್ರ ಒಪ್ಪುವುದಿಲ್ಲ. ಸೈಕಲ್ ಮೇಲೆ ಕೂತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ಏನೇ ಬಿದ್ದರೂ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 5.4 ಮೀಟರ್, ಎಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಮುಂದಕ್ಕೆ ಎಷ್ಟು ವೇಗದಲ್ಲಿ ಹೋಗುತ್ತಿದ್ದಿರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸರ್ವೀಸ್ ರಸ್ತೆಯ ಹಂಪಿನ ಮೇಲೆ, ಮಳೆಗೆ ಒದ್ದೆಯಾದ ಬಿಳಿ ಪಟ್ಟೆಯ ಮೇಲೆ, ಕತ್ತಲಲ್ಲಿ ಅಟ್ಟಿಸಿಕೊಂಡು ಬಂದ ಬೀದಿನಾಯಿಗೆ ಬೆದರಿ ನಿಂತಲ್ಲೇ ಅಡ್ಡ ಬಿದ್ದರೂ ತಲೆ ಅದೇ ವೇಗದಲ್ಲಿ ಡಾಂಬರಿಗೆ ಬಡಿಯುತ್ತದೆ.

ಬಡಿದ ಮೇಲೆ ಮುಖ್ಯವಾಗುವುದು ತಲೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು. ನೆತ್ತಿಯ ಚರ್ಮ, ಮೂಳೆ ಎಲ್ಲ ಸೇರಿ ಮೂರು ಮಿಲಿಮೀಟರ್ ಬಾಗಿ ನಿಂತಿತು ಎಂದುಕೊಳ್ಳಿ. ಆಗ ತಲೆಯ ವೇಗ ಇಳಿಯುವ ದರ ಗುರುತ್ವದ ಸುಮಾರು 500 ಪಟ್ಟು. ಅದೇ ತಲೆ ಇಪ್ಪತ್ತು ಮಿಲಿಮೀಟರ್ ದೂರ ಸಾಗಿ ನಿಂತರೆ ಸುಮಾರು 75 ಪಟ್ಟು. ಹೆಲ್ಮೆಟ್ ಮಾಡುವುದು ಇಷ್ಟೇ, ಆ ಹದಿನೇಳು ಮಿಲಿಮೀಟರನ್ನು ನಿಮಗೆ ಸಂಪಾದಿಸಿಕೊಡುವುದು. ಹೊರಗಿನ ಬಣ್ಣದ ಚಿಪ್ಪನ್ನು ನೋಡಿ ಅದರಲ್ಲಿ ಬಲವಿದೆ ಎಂದುಕೊಳ್ಳುತ್ತೇವೆ. ನಿಜವಾದ ಕೆಲಸ ಮಾಡುವುದು ಒಳಗಿನ ಪಾಲಿಸ್ಟೈರೀನ್ ನೊರೆ, ಹೊಸ ಟಿವಿಯ ಡಬ್ಬದಲ್ಲಿ ಬರುವ ಥರ್ಮೋಕೋಲಿನ ಗಟ್ಟಿ ರೂಪ. ಅದರೊಳಗಿನ ಗಾಳಿ ತುಂಬಿದ ಪುಟ್ಟ ಪುಟ್ಟ ಕೋಶಗಳು ಜಜ್ಜಿ, ಮುರಿದು, ಹೊಡೆತದ ಶಕ್ತಿಯನ್ನು ತಾವು ತಿಂದುಕೊಳ್ಳುತ್ತವೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಆದ್ದರಿಂದಲೇ ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿಯೇ ಕಂಡರೂ ಅದರ ಆಯುಸ್ಸು ಮುಗಿದಂತೆ. ಯುರೋಪಿನ ಮಾನದಂಡ ಇಎನ್ 1078ರ ಪರೀಕ್ಷೆಯಲ್ಲಿ ಹೆಲ್ಮೆಟ್ ತೊಡಿಸಿದ ಕೃತಕ ತಲೆಯನ್ನು ಸಪಾಟು ಉಕ್ಕಿನ ಮೇಲೆ ಬೀಳಿಸುವ ವೇಗ ಸೆಕೆಂಡಿಗೆ 5.42 ಮೀಟರ್. ಮೇಲೆ ನಾವು ಲೆಕ್ಕ ಹಾಕಿದ ವೇಗವೇ ಅದು. ಸೈಕಲ್ ಹೆಲ್ಮೆಟ್ ಹುಟ್ಟಿರುವುದೇ ಬೀಳುವಿಕೆಗಾಗಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಟಿಪ್ಪರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನೇರ ಹೊಡೆತವೊಂದೇ ಮಿದುಳಿಗೆ ಶತ್ರುವಲ್ಲ. ನೀರು ತುಂಬಿದ ತಂಬಿಗೆಯನ್ನು ಥಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ನೀರು ಹಿಂದೆ ಉಳಿಯುತ್ತದೆ. ತಲೆ ಓರೆಯಾಗಿ ನೆಲಕ್ಕೆ ತಾಗಿ ತಿರುಚಿದಾಗ ಬುರುಡೆಯೊಳಗೂ ಹೀಗೆಯೇ ಆಗಿ, ಮಿದುಳಿನ ನರತಂತುಗಳು ಎಳೆದಾಡಿಕೊಳ್ಳುತ್ತವೆ. ಇದನ್ನು 1943ರಲ್ಲೇ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹಾಲ್ಬೋರ್ನ್ ಜೆಲಾಟಿನ್ನಿನ ಮಿದುಳು ಮಾಡಿ ತೋರಿಸಿದ್ದರು. ಈಗ ಕೆಲವು ಹೆಲ್ಮೆಟ್ಟುಗಳೊಳಗೆ ತುಸು ಜಾರುವ ಒಂದು ತೆಳು ಪದರ ಇರುತ್ತದಲ್ಲ, ಸ್ಟಾಕ್‌ಹೋಮಿನ ನರಶಸ್ತ್ರಚಿಕಿತ್ಸಕ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದ್ದು ಈ ತಿರುಚುವಿಕೆಯನ್ನು ಕಡಿಮೆ ಮಾಡಲೆಂದು.

ಹಾಲ್ಬೋರ್ನ್ ಕೆಲಸ ಮಾಡುತ್ತಿದ್ದುದು ಹ್ಯೂ ಕೇರ್ನ್ಸ್ ಎಂಬ ಶಸ್ತ್ರಚಿಕಿತ್ಸಕರ ವಿಭಾಗದಲ್ಲಿ. ಹೆಲ್ಮೆಟ್ಟಿನ ವಿಜ್ಞಾನ ಶುರುವಾಗುವುದು ಇವರಿಂದ. 1935ರ ಮೇ 13ರಂದು ಇಂಗ್ಲೆಂಡಿನ ಹಳ್ಳಿರಸ್ತೆಯೊಂದರಲ್ಲಿ ಮೋಟಾರ್‌ಸೈಕಲ್ ಓಡಿಸುತ್ತಿದ್ದ ಟಿ. ಇ. ಲಾರೆನ್ಸ್, ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದವರು, ಎದುರಾದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ಆರು ದಿನಗಳ ನಂತರ ಪ್ರಜ್ಞೆ ಮರಳದೆಯೇ ತೀರಿಕೊಂಡರು. ಆ ಹುಡುಗರು ಸೈಕಲ್ಲಿನ ಮೇಲಿದ್ದರು. ಲಾರೆನ್ಸರನ್ನು ನೋಡಿಕೊಂಡ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ತಲೆಯ ಪೆಟ್ಟಿನಿಂದ ಸಾಯುವ ಮೋಟಾರ್‌ಸೈಕಲ್ ಸವಾರರ ಅಧ್ಯಯನದಲ್ಲಿ ಅವರು ವರ್ಷಗಳನ್ನೇ ಕಳೆದರು. 1941ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರ ಕೈಗೆ ಸಿಕ್ಕ ಹೆಲ್ಮೆಟ್‌ಧಾರಿ ಗಾಯಾಳುಗಳು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. ಆ ವರ್ಷವೇ ಬ್ರಿಟಿಷ್ ಸೇನೆ ತನ್ನ ಮೋಟಾರ್‌ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಬಿದ್ದಾಗ ಸೈಕಲ್ ಹೆಲ್ಮೆಟ್ ಕಾಪಾಡುತ್ತದೆಯೇ ಎಂಬ ಪ್ರಶ್ನೆಗೆ ಇವತ್ತು ಗಟ್ಟಿ ಉತ್ತರವಿದೆ. ಆಸ್ಟ್ರೇಲಿಯದ ಸಂಖ್ಯಾಶಾಸ್ತ್ರಜ್ಞ ಜೇಕ್ ಒಲಿವಿಯರ್ ಮತ್ತು ಪ್ರುಡೆನ್ಸ್ ಕ್ರೈಟನ್ 40 ಅಧ್ಯಯನಗಳನ್ನು, 64,000ಕ್ಕೂ ಹೆಚ್ಚು ಗಾಯಾಳುಗಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗಾಯಗೊಂಡು ಬಂದವರಲ್ಲಿ ಹೆಲ್ಮೆಟ್ ಇದ್ದವರಿಗೆ ಗಂಭೀರ ತಲೆಪೆಟ್ಟಿನ ಸಾಧ್ಯತೆ ಸುಮಾರು ಶೇಕಡ 69ರಷ್ಟು ಕಡಿಮೆ ಇತ್ತು. ರಾಜ್ಯದ ಮೂಲೆಮೂಲೆಯಿಂದ ತಲೆಗೆ ಪೆಟ್ಟಾದವರನ್ನು ತಂದು ಇಳಿಸುವ ನಿಮ್ಹಾನ್ಸಿನ ಆವರಣದಲ್ಲಿ ಒಂದು ರಾತ್ರಿ ಕೂತವರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಿದ್ದ ಮೇಲೆ ‘ಇಷ್ಟು ವರ್ಷ ಏನಾಯ್ತು?’ ಎನ್ನುವವರು ತಪ್ಪು ಹೇಳುತ್ತಿದ್ದಾರೆಯೇ? ಸುಳ್ಳಂತೂ ಹೇಳುತ್ತಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಆಸ್ಪತ್ರೆ ಸೇರುವಂಥ ಬೀಳುವಿಕೆ ಒಂದು ಲಕ್ಷ ಸವಾರಿಗೊಮ್ಮೆ ಆಗುತ್ತದೆ ಎಂದಿಟ್ಟುಕೊಳ್ಳಿ. ಇದು ಉದಾಹರಣೆಗಾಗಿ ಹಿಡಿದ ಸಂಖ್ಯೆ, ಬೆಂಗಳೂರಿನ ಅಳತೆಯಲ್ಲ. ಕಾರ್ಮಿಕನೊಬ್ಬ ವರ್ಷಕ್ಕೆ 300 ದಿನ, ದಿನಕ್ಕೆರಡು ಸಲದಂತೆ 25 ವರ್ಷ ಸೈಕಲ್ ತುಳಿದರೆ 15,000 ಸವಾರಿ. ಅಷ್ಟರಲ್ಲಿ ಒಮ್ಮೆಯಾದರೂ ಹಾಗೆ ಬೀಳುವ ಸಾಧ್ಯತೆ ಸುಮಾರು ನೂರಕ್ಕೆ 14. ಅಂದರೆ ನೂರು ಮಂದಿಯಲ್ಲಿ 86 ಮಂದಿ ನಿವೃತ್ತಿಯ ದಿನ, ‘ನನಗೇನೂ ಆಗಲಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಉಳಿದ ಹದಿನಾಲ್ಕು ಮಂದಿಯಲ್ಲಿ ಕೆಲವರು ಚಹಾದಂಗಡಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ಅನುಭವದಿಂದ ಕಲಿಯುವಾಗ ಅಪರೂಪದ ಅನಾಹುತಕ್ಕೆ ಮನುಷ್ಯರು ಕೊಡಬೇಕಾದ್ದಕ್ಕಿಂತ ಕಡಿಮೆ ತೂಕ ಕೊಡುತ್ತಾರೆಂದು ರಾಲ್ಫ್ ಹರ್ಟ್‌ವಿಗ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದೇ ಅನಾಹುತವನ್ನು ಯಾರಾದರೂ ವಿವರಿಸಿ ಹೇಳಿದಾಗ, ಪತ್ರಿಕೆಯಲ್ಲಿ ಓದಿದಾಗ, ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ. ಜೆರ್ಸಿ ತೊಟ್ಟ ಸವಾರ ಅಪಾಯವನ್ನು ತಿಳಿದದ್ದು ಓದಿ, ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ಚಿತ್ರ ನೋಡಿ. ಪೀಣ್ಯದ ಸವಾರ ತಿಳಿದದ್ದು ತುಳಿದು ತುಳಿದು. ಇಬ್ಬರ ನಡುವಿನ ವ್ಯತ್ಯಾಸದ ಒಂದು ಬೇರು ಇಲ್ಲಿದೆ.

ಇನ್ನೊಂದು ಬೇರು ಸಮೂಹದ್ದು. ದೂರದ ಸವಾರಿಗಳನ್ನು ನಡೆಸುವ ಕೂಟಗಳಲ್ಲಿ ಹೆಲ್ಮೆಟ್ ಇಲ್ಲದವರನ್ನು ಹೊರಡಲು ಬಿಡುವುದಿಲ್ಲ. ಅಲ್ಲಿ ಬರಿದಲೆಯೇ ಎದ್ದು ಕಾಣುತ್ತದೆ. ಪೀಣ್ಯದ ಸೈಕಲ್ ಸ್ಟ್ಯಾಂಡಿನಲ್ಲಿ ಹೆಲ್ಮೆಟ್ಟೇ ಎದ್ದು ಕಾಣುತ್ತದೆ. ಸಾವಿರ ರೂಪಾಯಿ ಕೊಟ್ಟು ಕೊಂಡರೂ ಬೀಗ ಹಾಕಿಡಲು ಜಾಗವಿಲ್ಲ, ಬೆವರಿಗೆ ನೆತ್ತಿ ನವೆ, ಅದರ ಮೇಲೆ ‘ಏನಪ್ಪಾ, ರೇಸಿಗೆ ಹೊರಟೆಯಾ?’ ಎಂಬ ಮಾತು ಬೇರೆ. ಇವು ಸಣ್ಣ ಅಡ್ಡಿಗಳಲ್ಲ.

ಅಪಾಯವನ್ನು ಮನಸ್ಸು ಅಳೆಯುವ ರೀತಿಯನ್ನು ಎಪ್ಪತ್ತರ ದಶಕದಿಂದ ಅಧ್ಯಯನ ಮಾಡಿದವರು ಅಮೆರಿಕದ ಮನೋವಿಜ್ಞಾನಿ ಪಾಲ್ ಸ್ಲೋವಿಕ್. ಅವರ ತಂಡ ಮೂವತ್ತು ಬಗೆಯ ಅಪಾಯಗಳ ಪಟ್ಟಿಯನ್ನು ಬೇರೆ ಬೇರೆ ಜನರ ಮುಂದಿಟ್ಟು, ಅಪಾಯದ ಕ್ರಮದಲ್ಲಿ ಜೋಡಿಸಲು ಕೇಳಿತ್ತು. ಪಟ್ಟಿಯಲ್ಲಿ ಸೈಕಲ್ಲೂ ಇತ್ತು. ಪರಿಣತರು ಅದನ್ನು 15ನೇ ಸ್ಥಾನದಲ್ಲಿಟ್ಟರೆ, ಕಾಲೇಜು ವಿದ್ಯಾರ್ಥಿಗಳು 24ನೇ ಸ್ಥಾನಕ್ಕೆ ತಳ್ಳಿದರು. ವಿದ್ಯಾರ್ಥಿಗಳು ಮೊದಲ ಸ್ಥಾನ ಕೊಟ್ಟ ಅಣುವಿದ್ಯುತ್ತು ಪರಿಣತರ ಪಟ್ಟಿಯಲ್ಲಿ 20ನೆಯದು. ಪರಿಚಿತವಾದದ್ದು, ನಮ್ಮ ಕೈಯಲ್ಲೇ ಹಿಡಿತವಿದೆ ಎನ್ನಿಸುವಂಥದ್ದು, ಒಮ್ಮೆಗೆ ಒಬ್ಬರನ್ನೇ ಮುಟ್ಟುವಂಥದ್ದು ನಮ್ಮನ್ನು ಹೆದರಿಸುವುದಿಲ್ಲ. ಸೈಕಲ್ಲಿಗೆ ಈ ಮೂರೂ ಗುಣಗಳಿವೆ. ಐದಾರು ವರ್ಷದವರಿದ್ದಾಗ ಅಡ್ಡಗಾಲು ಹಾಕಿ ಕಲಿತದ್ದು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದು ಮೊಣಕಾಲು ತರಚಿಕೊಂಡದ್ದು. ಅದರಲ್ಲಿ ಸಾವು ಅಡಗಿದೆ ಎಂದು ಮನಸ್ಸು ಒಪ್ಪುವುದು ಹೇಗೆ?

ಈಗ ಟಿಪ್ಪರಿನ ಮಾತು. ನಾಲ್ಕರಲ್ಲಿ ಅತ್ಯಂತ ವೈಜ್ಞಾನಿಕವಾದದ್ದು ಇದೇ ಎಂದು ನನ್ನ ನಂಬಿಕೆ.

ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಹೊಡೆತಕ್ಕೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ 60 ಕಿಲೋಮೀಟರ್ ವೇಗದ ವಾಹನ ತಲೆಗೆ ಬಡಿದರೆ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಇಪ್ಪತ್ತು ಮಿಲಿಮೀಟರ್ ಥರ್ಮೋಕೋಲ್ ಅಷ್ಟನ್ನು ಅರಗಿಸಿಕೊಳ್ಳಲಾರದು. ಇನ್ನು ಇಪ್ಪತ್ತು ಟನ್ನಿನ ಲಾರಿಯ ಹಿಂಚಕ್ರದ ಕೆಳಗೆ ದೇಹ ಸಿಕ್ಕರೆ ಹೆಲ್ಮೆಟ್ಟಿನ ಪ್ರಶ್ನೆಯೇ ಬರುವುದಿಲ್ಲ. ಅದಕ್ಕೆ ವೇಗವೂ ಬೇಕಿಲ್ಲ. ಗೊರಗುಂಟೆಪಾಳ್ಯದಂಥ ಕಡೆ ಸಿಗ್ನಲ್ ಬಿಟ್ಟ ಕೂಡಲೇ ಎಡಕ್ಕೆ ತಿರುಗುವ ಲಾರಿಯ ಎಡಮಗ್ಗುಲು ಚಾಲಕನ ಕಣ್ಣಿಗೆ ಬೀಳದ ಜಾಗ. ಲಾರಿಯ ಮುಂಚಕ್ರ ಅಗಲವಾಗಿ ತಿರುಗಿದರೆ ಹಿಂಚಕ್ರ ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಹತ್ತು ಕಿಲೋಮೀಟರ್ ವೇಗದಲ್ಲಿ ತಿರುಗುವ ಲಾರಿಯೂ ಅಲ್ಲಿ ನಿಂತ ಸೈಕಲ್ಲನ್ನು ಎಳೆದುಕೊಳ್ಳಬಲ್ಲದು. ಹೆಲ್ಮೆಟ್ಟಿನ ಬಗ್ಗೆ ಮಕ್ಕಳಿಗೆ ಹೇಳುವ ಮೊದಲು, ಲಾರಿಯ ಎಡಗಡೆ ನುಸುಳಿ ನಿಲ್ಲಬೇಡ, ಅದರ ಹಿಂದೆಯೇ ನಿಲ್ಲು ಎಂದು ಹೇಳಿಕೊಡಬೇಕು. ಈ ಒಂದು ಮಾತು ಉಳಿಸುವ ಜೀವವನ್ನು ಯಾವ ಹೆಲ್ಮೆಟ್ಟೂ ಉಳಿಸಲಾರದು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಸೈಕಲ್ ಸವಾರರು ನೂರಕ್ಕೆ ಸುಮಾರು ಮೂವರು. ಪಾದಚಾರಿಗಳು ಹತ್ತೊಂಬತ್ತಕ್ಕೂ ಹೆಚ್ಚು. ಲಗ್ಗೆರೆ ಸೇತುವೆಯ ಬಳಿ ರಿಂಗ್ ರಸ್ತೆಯನ್ನು ಓಡಿ ದಾಟುವ ಅಜ್ಜಿಗೆ, ‘ನಡೆಯುವಾಗ ಹೆಲ್ಮೆಟ್ ಹಾಕಿಕೊಳ್ಳಿ ಅಮ್ಮ’ ಎಂದು ನಾವು ಯಾರೂ ಹೇಳುವುದಿಲ್ಲ. ಅಲ್ಲಿ ತಪ್ಪು ವೇಗದ್ದು, ದಾಟಲು ಜಾಗ ಕೊಡದ ರಸ್ತೆಯದು ಎಂಬುದು ನಮಗೆ ಸ್ಪಷ್ಟ. ಅದೇ ರಸ್ತೆಯಲ್ಲಿ ಸೈಕಲ್ ಸವಾರ ಸತ್ತರೆ ಮೊದಲ ಪ್ರಶ್ನೆ, ‘ಹೆಲ್ಮೆಟ್ ಹಾಕಿದ್ದನಾ?’ ಈ ಪ್ರಶ್ನೆ ನನ್ನನ್ನು ನೋಯಿಸುತ್ತದೆ. ಆ ವರ್ಷದ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚನ್ನು ಅದೇ ವರದಿ ಅತಿವೇಗದ ಲೆಕ್ಕಕ್ಕೆ ಹಾಕಿದೆ. ವಾಹನ ಬಡಿದ ಪಾದಚಾರಿ ಸಾಯುವ ಸಾಧ್ಯತೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇರುವುದಕ್ಕಿಂತ 50ರಲ್ಲಿ ಐದು ಪಟ್ಟಿಗೂ ಹೆಚ್ಚು ಎಂದು ರೊಸೆನ್ ಮತ್ತು ಸ್ಯಾಂಡರ್ 2009ರಲ್ಲಿ ಜರ್ಮನಿಯ ಅಪಘಾತಗಳಿಂದ ಲೆಕ್ಕ ಹಾಕಿದರು. ದೆಹಲಿ ಐಐಟಿಯ ದಿನೇಶ್ ಮೋಹನ್ ಹೆಲ್ಮೆಟ್ಟಿನ ಬಗ್ಗೆಯೂ ಆಳವಾಗಿ ಕೆಲಸ ಮಾಡಿದವರು. ಆದರೂ ತೀರಿಕೊಳ್ಳುವ ತನಕ ಅವರು ಬಿಡದೆ ಹೇಳಿದ್ದು ವೇಗ ಇಳಿಸಿ, ನಡೆಯುವವರಿಗೆ ಮತ್ತು ಸೈಕಲ್ಲಿಗೆ ರಸ್ತೆಯಲ್ಲಿ ಪಾಲು ಕೊಡಿ ಎಂದು.

ಹೆಲ್ಮೆಟ್ ಕಂಡು ಚಾಲಕರ ನಡವಳಿಕೆಯೇ ಬದಲಾಗಬಹುದೇ? ಬ್ರಿಟನ್ನಿನ ಬಾತ್ ನಗರದ ಮನೋವಿಜ್ಞಾನಿ ಇಯಾನ್ ವಾಕರ್ ಸೈಕಲ್ಲಿಗೆ ದೂರ ಅಳೆಯುವ ಉಪಕರಣ ಕಟ್ಟಿಕೊಂಡು ಅರ್ಧ ಸಮಯ ಹೆಲ್ಮೆಟ್ ತೊಟ್ಟು, ಅರ್ಧ ಸಮಯ ತೊಡದೆ ಸವಾರಿ ಮಾಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆಲ್ಮೆಟ್ ಇದ್ದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರಿನಷ್ಟು ಹೆಚ್ಚು ಹತ್ತಿರದಿಂದ ಹಾದುಹೋಗಿದ್ದವು. ಪ್ರಯೋಗದ ನಡುವೆ ಅವರಿಗೆ ಒಮ್ಮೆ ಬಸ್ಸೂ ಒಮ್ಮೆ ಲಾರಿಯೂ ತಾಗಿದವು. ಎರಡು ಸಲವೂ ತಲೆಯ ಮೇಲೆ ಹೆಲ್ಮೆಟ್ ಇತ್ತು. ಪತ್ರಿಕೆಗಳು ಇದನ್ನು ಹಬ್ಬದಂತೆ ಬರೆದವು. ಮುಂದೆ 2013ರಲ್ಲಿ ಒಲಿವಿಯರ್ ಮತ್ತು ಸ್ಕಾಟ್ ವಾಲ್ಟರ್ ಅದೇ ಅಂಕಿಗಳನ್ನು ಬೇರೆ ರೀತಿ ವಿಶ್ಲೇಷಿಸಿ, ಅಪಾಯಕರವಾದಷ್ಟು ಹತ್ತಿರ, ಅಂದರೆ ಒಂದು ಮೀಟರಿನೊಳಗೆ ಹಾದುಹೋದ ವಾಹನಗಳ ಪ್ರಮಾಣದಲ್ಲಿ ಹೆಲ್ಮೆಟ್ಟಿನಿಂದ ವ್ಯತ್ಯಾಸ ಕಾಣುವುದಿಲ್ಲ ಎಂದರು. ವಾಕರ್ ಒಪ್ಪಲಿಲ್ಲ. ನನ್ನ ಮಟ್ಟಿಗೆ, ಒಬ್ಬರೇ ಸವಾರರು ಒಂದು ಪ್ರಯೋಗದಲ್ಲಿ ಕಂಡ 8.5 ಸೆಂಟಿಮೀಟರಿಗಾಗಿ ಹೆಲ್ಮೆಟ್ ಬಿಡುವುದು ಸರಿಯಲ್ಲ.

ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹೆಚ್ಚು ಗಟ್ಟಿಯಾದ ಪಾಠ ಆಸ್ಟ್ರೇಲಿಯದ್ದು. ವಿಕ್ಟೋರಿಯ ರಾಜ್ಯ 1990ರ ಜುಲೈ 1ರಂದು ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು, ಜಗತ್ತಿನಲ್ಲೇ ಮೊದಲು. ತೊಡುವವರ ಪ್ರಮಾಣ ನೂರಕ್ಕೆ 31ರಿಂದ ಒಂದೇ ವರ್ಷದಲ್ಲಿ 75ಕ್ಕೆ ಏರಿತು. ತಲೆಪೆಟ್ಟುಗಳು ಇಳಿದವು. ಆದರೆ ಮೆಲ್ಬರ್ನ್ ಬೀದಿಗಳಲ್ಲಿ ಎಣಿಸಿದಾಗ ಸೈಕಲ್ಲುಗಳೂ ಇಳಿದಿದ್ದವು, ಅದರಲ್ಲೂ ಹದಿಹರೆಯದವರದು. ಪೆಟ್ಟು ಇಳಿದದ್ದರಲ್ಲಿ ಹೆಲ್ಮೆಟ್ಟಿನ ಪಾಲೆಷ್ಟು, ಸೈಕಲ್ ಬಿಟ್ಟವರ ಪಾಲೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಮೆಕ್ಸಿಕೊ ನಗರ 2010ರಲ್ಲಿ ಬಾಡಿಗೆ ಸೈಕಲ್ ಯೋಜನೆ ತರುವಾಗ ತನ್ನ ಹೆಲ್ಮೆಟ್ ಕಾನೂನನ್ನೇ ಕೈಬಿಟ್ಟಿತು. ಸೈಕಲ್ಲುಗಳು ಕಡಿಮೆಯಾದರೆ ಉಳಿದ ಸವಾರರಿಗೆ ಅಪಾಯ ಹೆಚ್ಚುತ್ತದೆ ಎಂಬುದು ಈ ಚರ್ಚೆಯ ಮುಖ್ಯ ಅಂಶ. ಪೀಟರ್ ಜೇಕಬ್‌ಸನ್ 2003ರಲ್ಲಿ ಹಲವು ನಗರಗಳ, ದೇಶಗಳ ಅಂಕಿಗಳನ್ನು ನೋಡಿ, ಸೈಕಲ್ ತುಳಿಯುವವರು ಎರಡರಷ್ಟಾದರೆ ತಲಾ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ ಎಂದು ತೋರಿಸಿದರು. ಒಂದು ಕೋಟಿಗೂ ಹೆಚ್ಚು ವಾಹನಗಳು ನೋಂದಣಿಯಾಗಿರುವ ಬೆಂಗಳೂರಿನಲ್ಲಿ ಚಾಲಕರ ಕಣ್ಣು ಸೈಕಲ್ಲನ್ನು ಹುಡುಕುವುದನ್ನೇ ಮರೆತಿದೆ.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಕಾನೂನಿಲ್ಲ. 2004ರಲ್ಲಿ ನಗರಗಳ ಸವಾರರಲ್ಲಿ ಹೆಲ್ಮೆಟ್ ತೊಡುತ್ತಿದ್ದವರು ನೂರಕ್ಕೆ ಆರು. 2022ರ ಹೊತ್ತಿಗೆ ಅರ್ಧದಷ್ಟು. ಶಾಲೆಯಲ್ಲಿ ಹೇಳಿಕೊಟ್ಟು, ಮಕ್ಕಳಿಂದ ಶುರುಮಾಡಿ, ಪ್ರತ್ಯೇಕ ಸೈಕಲ್ ಪಥಗಳನ್ನು ಮೊದಲೇ ಕಟ್ಟಿಟ್ಟು ಇದನ್ನು ಸಾಧಿಸಿದರು. ನೆದರ್ಲೆಂಡ್ಸಿನಲ್ಲಿ ಹೆಲ್ಮೆಟ್ ಇಂದಿಗೂ ಅಪರೂಪ. 1971ರಲ್ಲಿ ರಸ್ತೆಯಲ್ಲಿ 3,300ರಷ್ಟು ಮಂದಿ, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತಾಗ ಅಲ್ಲಿನ ತಂದೆತಾಯಿಗಳು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು. ಅವರು ಮಕ್ಕಳ ತಲೆಯ ಮೇಲೆ ಏನನ್ನೂ ಇಡಲು ಕೇಳಲಿಲ್ಲ, ಕಾರುಗಳನ್ನು ನಿಧಾನಗೊಳಿಸಲು ಕೇಳಿದರು. ಕೇಳಿ ಪಡೆದರು. ಆದರೆ ಅಷ್ಟು ಒಳ್ಳೆಯ ರಸ್ತೆಗಳಿದ್ದೂ 2022ರಲ್ಲಿ ಸುಮಾರು 290 ಸೈಕಲ್ ಸವಾರರು ಅಲ್ಲಿ ಸತ್ತರು. ಅವರಲ್ಲಿ ವಯಸ್ಸಾದವರು, ಎಲೆಕ್ಟ್ರಿಕ್ ಸೈಕಲ್ಲಿನವರು ಬಹಳ. ಈಗ ಆ ದೇಶದ ವೈದ್ಯರೂ ಸರ್ಕಾರವೂ ಹೆಲ್ಮೆಟ್ ತೊಡಿ ಎನ್ನತೊಡಗಿದ್ದಾರೆ. ರಸ್ತೆ ಸರಿಯಾದ ಮೇಲೂ ಬೀಳುವುದು ಉಳಿಯುತ್ತದೆ, ಬೀಳುವುದಕ್ಕೆ ಮದ್ದು ಹೆಲ್ಮೆಟ್ಟೇ.

ಆದ್ದರಿಂದ ನಂದಿನಿ ಲೇಔಟಿನ ತಂದೆತಾಯಿಗಳಿಗೆ ನಾನು ಹೇಳುವುದು, ಮಗುವಿಗೆ ಸೈಕಲ್ ತರುವ ದಿನವೇ ಹೆಲ್ಮೆಟ್ಟನ್ನೂ ತನ್ನಿ. ಮಕ್ಕಳು ಬೀಳುವುದೇ ಹೆಚ್ಚು, ಮತ್ತು ಹೆಲ್ಮೆಟ್ ಮಾಡಿರುವುದೇ ಅಂಥ ಬೀಳುವಿಕೆಗೆ. ಒಳಗೆ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಗುರುತಿದೆಯೇ ನೋಡಿ. ‘ಬೆಳೆಯೋ ಮಗು’ ಎಂದು ದೊಡ್ಡದನ್ನು ತರಬೇಡಿ. ಅಲ್ಲಾಡುವ ಹೆಲ್ಮೆಟ್ಟು ಪೆಟ್ಟು ಬೀಳುವ ಮೊದಲೇ ಜಾರಿರುತ್ತದೆ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಹಣೆ ಮುಚ್ಚಬೇಕು, ಪಟ್ಟಿ ಕಿವಿಯ ಎರಡೂ ಬದಿಯಿಂದ ಇಳಿದು ಗದ್ದದ ಕೆಳಗೆ ಬಿಗಿಯಾಗಿ ಕೂಡಬೇಕು. ಪೀಣ್ಯದ ಕಾರ್ಖಾನೆಗಳ ಮಾಲೀಕರು ಸೈಕಲ್ಲಿನಲ್ಲಿ ಬರುವವರಿಗೆ ಸೇಫ್ಟಿ ಶೂ ಜೊತೆ ಒಂದು ಸೈಕಲ್ ಹೆಲ್ಮೆಟ್ಟನ್ನೂ, ಅದನ್ನಿಡಲು ಒಂದು ಗೂಡನ್ನೂ ಕೊಟ್ಟರೆ ಮೇಲೆ ಹೇಳಿದ ಅರ್ಧ ಅಡ್ಡಿಗಳು ಕರಗುತ್ತವೆ. ಎಲ್ಲರೂ ತೊಟ್ಟಾಗ ರೇಸಿನ ಮಾತೂ ನಿಲ್ಲುತ್ತದೆ.

ಟಿಪ್ಪರಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಾದವನು ಸವಾರನಲ್ಲ. ಆ ಉತ್ತರ ಕೊಡುವ ಅವಕಾಶ ಈಗ ಈ ರಸ್ತೆಗೇ ಬಂದಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮ್ಮ ಮೆಟ್ರೊ ಮೂರನೇ ಹಂತದ ಮಾರ್ಗ ಜೆ. ಪಿ. ನಗರದಿಂದ ಕೆಂಪಾಪುರದವರೆಗೆ 32 ಕಿಲೋಮೀಟರ್ ಉದ್ದಕ್ಕೂ ರಿಂಗ್ ರಸ್ತೆಯನ್ನೇ ಹಿಡಿದು ಬರುತ್ತದೆ, ಇಲ್ಲೇ ಪಕ್ಕದ ಕಂಠೀರವ ನಗರದಲ್ಲಿ ನಿಲ್ದಾಣವೂ ಇದೆ. ಕಂಬಗಳು ಏಳುವಾಗ ರಸ್ತೆ ಹೇಗೂ ಅಗೆದು ಮತ್ತೆ ಹಾಕಬೇಕಾಗುತ್ತದೆ. ಸರ್ವೀಸ್ ರಸ್ತೆಯ ವೇಗ 30 ಕಿಲೋಮೀಟರಿಗೆ ಇಳಿಯುವಂತೆ ಅಗಲ ಮತ್ತು ತಿರುವುಗಳನ್ನು ರೂಪಿಸುವುದು, ಎರಡು ಮೀಟರನ್ನು ಕಲ್ಲಂಚು ಕಟ್ಟಿ ಸೈಕಲ್ಲಿಗೆ ಬಿಡುವುದು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿಗಳ ಗೆರೆಗಿಂತ ಕೆಲವು ಮೀಟರ್ ಮುಂದೆ, ಚಾಲಕನ ಕಣ್ಣೆದುರಿಗೇ ಸೈಕಲ್ಲುಗಳು ನಿಲ್ಲುವಂತೆ ಜಾಗ ಮಾಡುವುದು, ನಿಲ್ದಾಣದ ಕೆಳಗೆ ಬೀಗ ಹಾಕಬಹುದಾದ ಸೈಕಲ್ ಸ್ಟ್ಯಾಂಡ್ ಇಡುವುದು ಇವೆಲ್ಲ ನಕ್ಷೆ ಕಾಗದದ ಮೇಲಿರುವಾಗ ಹೆಚ್ಚು ಖರ್ಚಿನವಲ್ಲ. ಬಡಾವಣೆಯ ನಿವಾಸಿಗಳ ಸಂಘಗಳು, ಪೀಣ್ಯದ ಕಾರ್ಮಿಕ ಸಂಘಗಳು ಒಟ್ಟಿಗೆ ಹೋಗಿ ಕೇಳಬೇಕಾದ ಹೊತ್ತು ಕಾಂಕ್ರೀಟ್ ಬೀಳುವುದಕ್ಕೆ ಮುಂಚಿನದು.